ಆಲೂರಿನ ಆನೆ, ಜಪಾನಿನ ಚಿತ್ರ

ಇವತ್ತು ಇಮೋಜಿಯ ಚರಿತ್ರೆ ಮಾತಾಡೋಣ. ಆದ್ರೆ ನಾನು ಶುರು ಮಾಡೋದು ನಗುಮುಖದಿಂದಲ್ಲ, ಆನೆಯಿಂದ.

ನಮ್ಮ ಆಲೂರು, ಸಕಲೇಶಪುರದ ಕಡೆ ಕಾಫಿ ತೋಟಕ್ಕೆ ಇಳಿಯೋ ಮುಂಚೆ ಮೊಬೈಲ್ ನೋಡೋದು ರೂಢಿ. ಕಾಡಾನೆ ರಾತ್ರಿ ಎಲ್ಲಿತ್ತು ಅಂತ ವಾಟ್ಸಾಪ್ ಗುಂಪಿನಲ್ಲಿ ಬಂದಿರುತ್ತೆ. ನಮ್ಮ ದೊಡ್ಡಮ್ಮನಿಗೆ ಓದೋಕೆ ಬರೋದಿಲ್ಲ. ಆದರೆ ಸಾಲಿನ ಕೊನೆಗೆ ಆನೆ ಚಿತ್ರ ಕಂಡರೆ ಅವರು ಅಂಗಳ ದಾಟೋದಿಲ್ಲ. ಯಾರನ್ನಾದರೂ ಕರೆದು ಓದಿಸ್ತಾರೆ.

ಆ ಚಿತ್ರ ಅವರ ಕೈಗೆ ಬಂದ ದಾರಿ ದೊಡ್ಡದು. ಜಪಾನಿ ಭಾಷೆಯಲ್ಲಿ 'ಎ' ಅಂದ್ರೆ ಚಿತ್ರ, 'ಮೊಜಿ' ಅಂದ್ರೆ ಅಕ್ಷರ. 1997ರಲ್ಲೇ ಅಲ್ಲಿನ ಒಂದು ಫೋನಿನಲ್ಲಿ ಇಂಥ 90 ಚಿತ್ರಗಳಿದ್ದವು. 1999ರಲ್ಲಿ ಡೊಕೊಮೊ ಕಂಪನಿಗೆ ಶಿಗೆತಾಕಾ ಕುರಿತಾ 176 ಚಿತ್ರ ಮಾಡಿಕೊಟ್ಟರು. ಉದ್ದಕ್ಕೆ 12 ಚುಕ್ಕಿ, ಅಡ್ಡಕ್ಕೆ 12 ಚುಕ್ಕಿ, ಥೇಟ್ ರಂಗೋಲಿ ಲೆಕ್ಕ. ತೊಂದರೆ ಏನಪ್ಪಾ ಅಂದ್ರೆ, ಒಂದೊಂದು ಕಂಪನಿಗೆ ಒಂದೊಂದು ಸಂಕೇತ. ಇಲ್ಲಿಂದ ಕಳಿಸಿದ ಹೃದಯ ಅಲ್ಲಿ ಹೃದಯವಾಗೇ ತಲುಪುತ್ತೆ ಅನ್ನೋ ಖಾತ್ರಿ ಇರಲಿಲ್ಲ.

ಈ ಕಷ್ಟ ಕನ್ನಡದವರಿಗೆ ಹೊಸದಲ್ಲ. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಗೊತ್ತು, ಬರೀ ಕಲಸುಮೇಲೋಗರ. ಎರಡಕ್ಕೂ ಮದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಇಮೋಜಿಗಳು ಗುಂಪಾಗಿ ಸೇರಿದ್ದು 2010ರ ಅಕ್ಟೋಬರಿನಲ್ಲಿ, 6.0 ಆವೃತ್ತಿಗೆ. ಆನೆ ಅದರಲ್ಲಿತ್ತು. ಯಂತ್ರಕ್ಕೆ 'ಆ' ಅಕ್ಷರವೂ ಒಂದು ಸಂಖ್ಯೆ, ಆನೆಯೂ ಒಂದು ಸಂಖ್ಯೆ. ಅದನ್ನ ಹೇಗೆ ಬಿಡಿಸಿ ತೋರಿಸಬೇಕು ಅನ್ನೋದು ಆಯಾ ಫೋನಿಗೆ ಬಿಟ್ಟದ್ದು.

ಆದ್ರೆ ಈ ಆನೆ ಪೂರ್ತಿ ಸುದ್ದಿ ಹೇಳಲ್ಲ. ಒಂಟಿ ಸಲಗವೋ, ಮರಿ ಇರೋ ಹಿಂಡೋ? ದಾಟಿ ಹೋಯ್ತೋ, ಇನ್ನೂ ಅಲ್ಲೇ ಇದೆಯೋ? ಹೆಚ್ಚಿನ ಫೋನುಗಳಲ್ಲಿ ಅದರ ಮುಖ ಎಡಕ್ಕೆ. ದೊಡ್ಡಮ್ಮ ಒಂದಿನ ಕೇಳಿದ್ರು, "ಎಡಗಡೆ ಹೋಯ್ತೇನೋ ಮಗಾ?" ನನಗೆ ನಗು ಬರಲಿಲ್ಲ. ಕೇಳೋದು ನ್ಯಾಯವೇ ಅಲ್ವಾ?

ಗೌರಿ ಗಣೇಶ ಹಬ್ಬಕ್ಕೆ ಯಾರೋ ಶುಭಾಶಯದ ಜೊತೆ ಸಾಲಾಗಿ ಐದು ಆನೆ ಹಾಕಿಬಿಟ್ಟರು. ಆವತ್ತು ಎರಡು ಮನೆಯವರು ಬಾಗಿಲು ಹಾಕ್ಕೊಂಡು ಕೂತಿದ್ರು. ಆಮೇಲೆ ಗುಂಪಿನಲ್ಲಿ ಮಾತಾಯ್ತು: ಆನೆ ಚಿತ್ರ ನಿಜವಾದ ಆನೆಗೆ ಮಾತ್ರ, ಜೊತೆಗೆ ಜಾಗ, ಹೊತ್ತು ಬಾಯಲ್ಲಿ ಹೇಳಿ ಕಳಿಸಬೇಕು. ಈಗ ದೊಡ್ಡಮ್ಮ ಚಿತ್ರ ನೋಡ್ತಾರೆ, ಆ ದನಿ ಎರಡು ಸಲ ಕೇಳಿಸ್ಕೋತಾರೆ, ಆಮೇಲೆ ಕತ್ತಿ ತಗೊಂಡು ತೋಟಕ್ಕೆ ಇಳೀತಾರೆ.