ಒಪ್ಪದವರ ಮುಂದೆ ಪರದೆ: ರಾಜಕೀಯ ಸಾಕ್ಷ್ಯಚಿತ್ರದ ಊರೂರು ಪ್ರದರ್ಶನ, ಪಂಚನಹಳ್ಳಿಯ ನೆಲೆಯಿಂದ ಒಂದು ಟಿಪ್ಪಣಿ

1. ಪ್ರಶ್ನೆ ಮತ್ತು ನೆಲ

ರಾಜಕೀಯ ಸಾಕ್ಷ್ಯಚಿತ್ರದ ಬಗ್ಗೆ ಬರೆಯುವಾಗ ಅದು ಏನು ಹೇಳಿತು, ಸೆನ್ಸಾರ್ ಮಂಡಳಿ ಅದಕ್ಕೆ ಏನು ಮಾಡಿತು ಎಂಬಲ್ಲಿಗೆ ಸಾಮಾನ್ಯವಾಗಿ ನಿಲ್ಲಿಸಿಬಿಡುತ್ತೇವೆ. ಅದೇ ಚಿತ್ರವನ್ನು ಊರಿಂದೂರಿಗೆ ಒಯ್ದು, ಅದರ ನಿಲುವನ್ನು ಒಪ್ಪದವರ ಮುಂದೆ ತೋರಿಸಿದಾಗ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಈ ಟಿಪ್ಪಣಿ ಆ ಪ್ರಶ್ನೆಗೆ ಸೀಮಿತ. ನನ್ನ ವಾದ ಇಷ್ಟು: ಒಪ್ಪದ ಪ್ರೇಕ್ಷಕರನ್ನು ತಲುಪುವ ಶಕ್ತಿ ಚಿತ್ರದ ವಾದಕ್ಕಿಂತ ಹೆಚ್ಚಾಗಿ ಎರಡು ಸಂಗತಿಗಳಲ್ಲಿದೆ. ಎದುರಾಳಿಯ ಮಾತಿಗೆ ಚಿತ್ರದೊಳಗೆ ಎಷ್ಟು ಜಾಗ ಸಿಕ್ಕಿದೆ ಎಂಬುದು ಒಂದು. ಪ್ರದರ್ಶನಕ್ಕೆ ಜನರನ್ನು ಕರೆದವರು ಯಾರು ಎಂಬುದು ಇನ್ನೊಂದು.

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಕಡೂರು ತಾಲ್ಲೂಕಿನ ಪಂಚನಹಳ್ಳಿ ಹೋಬಳಿ ತಕ್ಕ ಜಾಗ. ಚಿಕ್ಕಮಗಳೂರು ಎಂದೊಡನೆ ಕಾಫಿ ತೋಟ ನೆನೆಯುವವರಿಗೆ ಇದು ಬೇರೆಯದೇ ಸೀಮೆ. ರಾಗಿ, ತೆಂಗು ಬೆಳೆದು ಮಳೆಗೆ ಕಾಯುವ ಬಯಲುಸೀಮೆ. ಕಡೂರು ವಿಧಾನಸಭಾ ಕ್ಷೇತ್ರ 2013ರಲ್ಲಿ ಜೆಡಿಎಸ್ ಅಭ್ಯರ್ಥಿಯನ್ನೂ 2018ರಲ್ಲಿ ಬಿಜೆಪಿಯವರನ್ನೂ 2023ರಲ್ಲಿ ಕಾಂಗ್ರೆಸ್ಸಿನವರನ್ನೂ ಗೆಲ್ಲಿಸಿತು. ಒಂದೇ ದಶಕದಲ್ಲಿ ಮೂರು ಪಕ್ಷಗಳಿಗೆ ಒಲಿದ ಕಡೆ ಪಕ್ಷಗಳ ನಡುವಿನ ಗೆರೆಯನ್ನು ಕಲ್ಲಿನ ಮೇಲಿನ ಗೆರೆಯೆಂದು ಎಣಿಸುವುದು ತಪ್ಪಾದೀತು. ಆದರೆ ಇದೇ ಜಿಲ್ಲೆ ಬಾಬಾಬುಡನಗಿರಿ ದತ್ತಪೀಠದ ವಿವಾದವನ್ನು ದಶಕಗಳಿಂದ ಕಂಡಿದೆ. ಮತ ಬದಲಾಯಿಸುವಷ್ಟು ಸುಲಭವಾಗಿ ಜನ ನಂಬಿಕೆಯ ನಿಲುವನ್ನು ಬದಲಾಯಿಸುವುದಿಲ್ಲ. ಇಲ್ಲಿ ಪರದೆ ಕಟ್ಟುವವರು ಈ ಎರಡನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

2. ನಿಪ್ಪಾಣಿಯಿಂದ ಹೈದರಾಬಾದಿಗೆ

ಚಿತ್ರವನ್ನು ಊರೂರಿಗೆ ಒಯ್ದು ತೋರಿಸುವುದಕ್ಕೆ ಕರ್ನಾಟಕದಲ್ಲಿ ಗಟ್ಟಿಯಾದ ಪೂರ್ವನಿದರ್ಶನ ಯುಗಾಂತರ್ ಬಳಗದ್ದು. 1980ರಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಕೂಡಿ ಕಟ್ಟಿದ ಈ ಬಳಗ ಕೆಲವೇ ವರ್ಷಗಳಲ್ಲಿ ನಾಲ್ಕು ಚಿತ್ರಗಳನ್ನು ಮಾಡಿತು. ಅವುಗಳಲ್ಲಿ ಒಂದಾದ ‘ತಂಬಾಕು ಚಾಕಿಲಾ ಊಬ್ ಆಲಿ’ (1982) ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಹೋರಾಟವನ್ನು ಕುರಿತದ್ದು. ಬಳಗದವರು ಆ ಹೆಂಗಸರ ಜೊತೆ ತಿಂಗಳುಗಟ್ಟಲೆ ಇದ್ದು, ಅವರೊಂದಿಗೆ ಮಾತಾಡಿಯೇ ಚಿತ್ರಕ್ಕೆ ರೂಪ ಕೊಟ್ಟರು. ಮುಗಿದ ಚಿತ್ರ ದುಡಿಮೆಗಾರರ ಮತ್ತು ಮಹಿಳಾ ಸಂಘಟನೆಗಳ ನಡುವೆ ತಿರುಗಾಡಿತು. ನೋಡಿದ ಮೇಲೆ ಕೂತು ಚರ್ಚಿಸುವುದೂ ಪ್ರದರ್ಶನದ ಭಾಗವೇ ಆಗಿತ್ತು.

ಆದರೆ ಅದು ಬಹುಮಟ್ಟಿಗೆ ತಮ್ಮವರ ನಡುವಿನ ಮಾತುಕತೆ. ಗೆರೆಯ ಎರಡೂ ಬದಿಗೆ ಕ್ಯಾಮೆರಾ ಹೋದದ್ದು ಮುಂದೆ, 1984ರ ಹೈದರಾಬಾದ್ ಕೋಮುಗಲಭೆಯನ್ನು ಕುರಿತು ದೀಪಾ ಧನರಾಜ್ ಮಾಡಿದ ‘ಕ್ಯಾ ಹುವಾ ಇಸ್ ಶಹರ್ ಕೋ?’ (1986) ಚಿತ್ರದಲ್ಲಿ. ಎರಡೂ ಸಮುದಾಯಗಳ ಹೆಸರಿನಲ್ಲಿ ರಾಜಕಾರಣ ಮಾಡುವ ಮುಖಂಡರು ಅಲ್ಲಿ ತಮ್ಮ ಮಾತನ್ನು ತಾವೇ ಆಡುತ್ತಾರೆ. ಅದರ ಪಕ್ಕದಲ್ಲೇ ಮನೆಮಾರು ಕಳೆದುಕೊಂಡವರ ಮಾತಿದೆ. ಹೀಗಾದಾಗ, ನಮ್ಮವರನ್ನು ತೋರಿಸಲೇ ಇಲ್ಲ ಎಂದು ಪ್ರೇಕ್ಷಕ ಎದ್ದು ಹೋಗಲು ನೆಪ ಉಳಿಯುವುದಿಲ್ಲ.

3. ನಂಬಿಕೆಯ ಒಳಗಿನ ಸಾಕ್ಷಿ

ಅಯೋಧ್ಯೆಯ ರಾಮಮಂದಿರ ಚಳವಳಿಯನ್ನು ಕುರಿತ ಆನಂದ್ ಪಟವರ್ಧನ್ ಅವರ ‘ರಾಮ್ ಕೆ ನಾಮ್’ (1992) ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರಾಷ್ಟ್ರಪ್ರಶಸ್ತಿ ಪಡೆದರೂ ದೂರದರ್ಶನ ಇದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ. ನಿರ್ದೇಶಕರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಚಿತ್ರದಲ್ಲಿ ಕರಸೇವಕರು ತಮ್ಮ ನಂಬಿಕೆಯನ್ನು ತಮ್ಮ ಬಾಯಿಂದಲೇ ಹೇಳಿಕೊಳ್ಳುತ್ತಾರೆ. ಆದರೆ ಅವರ ರಾಜಕಾರಣವನ್ನು ಎಲ್ಲರಿಗಿಂತ ಬಲವಾಗಿ ಪ್ರಶ್ನಿಸುವವರು ಅಯೋಧ್ಯೆಯ ರಾಮಜನ್ಮಭೂಮಿ ಮಂದಿರದ ಅರ್ಚಕರಾಗಿದ್ದ ಪೂಜಾರಿ ಲಾಲ್‌ದಾಸ್. ರಾಮಭಕ್ತನೊಬ್ಬ ರಾಮನ ಹೆಸರಿನ ರಾಜಕಾರಣವನ್ನು ಒಪ್ಪುವುದಿಲ್ಲ ಎಂದಾಗ, ಭಕ್ತರಾದ ಪ್ರೇಕ್ಷಕರು ಅದನ್ನು ಹೊರಗಿನವರ ಟೀಕೆಯೆಂದು ತಳ್ಳಿಹಾಕಲಾರರು. ಲಾಲ್‌ದಾಸ್ 1993ರಲ್ಲಿ ಕೊಲೆಯಾದರು. ಅವರ ಮಾತು ಚಿತ್ರದಲ್ಲಿ ಉಳಿದಿದೆ. ಒಪ್ಪದವರನ್ನು ತಲುಪಲು ಬಯಸುವ ಯಾವುದೇ ಚಿತ್ರಕ್ಕೆ ಇಂಥ ಒಳಗಿನ ಸಾಕ್ಷಿ ಬೇಕು.

ಗಲಾಟೆಯಾದೀತು ಎಂಬ ಭಯಕ್ಕೆ ಕಾನೂನಿನ ಉತ್ತರ ಸ್ಪಷ್ಟವಿದೆ. ಎಸ್. ರಂಗರಾಜನ್ ಪ್ರಕರಣದಲ್ಲಿ (1989) ಸುಪ್ರೀಂ ಕೋರ್ಟ್, ಪ್ರತಿಭಟನೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಚಿತ್ರವನ್ನು ತಡೆಯಲಾಗದು, ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕಾಪಾಡುವುದು ಸರ್ಕಾರದ ಹೊಣೆ ಎಂದಿತು. 2006ರಲ್ಲಿ ಅದೇ ನ್ಯಾಯಾಲಯ ಪಟವರ್ಧನ್ ಅವರ ಇನ್ನೊಂದು ಚಿತ್ರವನ್ನು ಪ್ರಸಾರ ಮಾಡುವಂತೆ ದೂರದರ್ಶನಕ್ಕೆ ಆದೇಶಿಸಿತು. ಆದರೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ‘ರಾಮ್ ಕೆ ನಾಮ್’ ಪ್ರದರ್ಶನವನ್ನು ಪೊಲೀಸರು ನಿಲ್ಲಿಸಿ, ಏರ್ಪಡಿಸಿದವರನ್ನು ಬಂಧಿಸಿದರು. ನ್ಯಾಯಾಲಯದ ತೀರ್ಪು ಊರಿನ ಅಂಗಳದವರೆಗೆ ತಾನಾಗಿ ನಡೆದುಬರುವುದಿಲ್ಲ. ಅದನ್ನು ಊರಿನವರೇ ಕರೆತರಬೇಕು.

4. ಪ್ರತಿ ಹಂಚುವುದು, ಜನ ಸೇರುವುದು

ಗುಜರಾತಿನ 2002ರ ಹಿಂಸೆಯನ್ನು ಕುರಿತ ರಾಕೇಶ್ ಶರ್ಮಾ ಅವರ ‘ಫೈನಲ್ ಸೊಲ್ಯೂಷನ್’ ಚಿತ್ರಕ್ಕೆ 2004ರಲ್ಲಿ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರ ನಿರಾಕರಿಸಿತು. ಆಗ ನಿರ್ದೇಶಕರು ಚಿತ್ರದ ಪ್ರತಿಗಳನ್ನು ಉಚಿತವಾಗಿ ಕೊಟ್ಟು, ಪಡೆದವರು ಇನ್ನಷ್ಟು ಪ್ರತಿ ಮಾಡಿ ಹಂಚಬೇಕೆಂದು ಕೇಳಿಕೊಂಡರು. ಚಿತ್ರ ದೂರ ದೂರ ತಲುಪಿತು. ಅದೇ ವರ್ಷ ಮಂಡಳಿಯೂ ಅನುಮತಿ ಕೊಟ್ಟಿತು. ತಡೆಯನ್ನು ದಾಟುವ ದಾರಿಯಾಗಿ ಇದು ದೊಡ್ಡ ಸಾಧನೆ. ಆದರೆ ಕೈಯಿಂದ ಕೈಗೆ ಹೋಗುವ ಪ್ರತಿಗೆ ಒಂದು ಮಿತಿಯಿದೆ: ಅದು ಪರಿಚಿತರ ದಾರಿಯಲ್ಲೇ ಸಾಗಿ ಹೆಚ್ಚಾಗಿ ಒಪ್ಪುವವರ ಮನೆಗೇ ಹೋಗುತ್ತದೆ. ಈಗಿನ ಮೊಬೈಲಿನ ಗತಿಯೂ ಅದೇ. ಒಪ್ಪುವವರೂ ಒಪ್ಪದವರೂ ಅಕ್ಕಪಕ್ಕ ಕೂತು ನೋಡಿದಾಗ ಮಾತ್ರ ಪಕ್ಕದವನ ಮುಖ ನೋಡಿಕೊಂಡು ಮಾತಾಡಬೇಕಾದ ಹೊಣೆ ಬರುತ್ತದೆ.

5. ಸೀಮೆಯ ರೂಢಿಯಿಂದ

ಅಂಥ ಕೂಟಕ್ಕೆ ಈ ಸೀಮೆಯಲ್ಲೇ ಮಾದರಿಯಿದೆ. ಕಡೂರು, ಅರಸೀಕೆರೆ, ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನದಲ್ಲಿ ಊರಿನವರೇ ಭಾಗವತರನ್ನು ಕರೆಸಿ, ಊರ ಹುಡುಗರಿಗೆ ಕಲಿಸಿ, ಊರ ಬಯಲಿನಲ್ಲೇ ರಾತ್ರಿಯಿಡೀ ಆಡಿಸುತ್ತಾರೆ. ರಾಮನ ವೇಷ ಬಂದಾಗ, ಬಂದ ವೇಷವನ್ನು ಮಾತಾಡಿಸುವ ಸಾರಥಿ ಹೇಗೆ ವಿಚಾರಿಸುತ್ತಾನೋ ರಾವಣ ಬಂದಾಗಲೂ ಹಾಗೆಯೇ. ರಾವಣ ತನ್ನ ಹೆಸರು, ಕುಲ, ಪರಾಕ್ರಮವನ್ನು ಮನದಣಿಯೆ ಹೇಳಿಕೊಳ್ಳುತ್ತಾನೆ. ಎದುರಾಳಿಗೆ ಪೂರ್ತಿ ಮಾತು, ಊರಿನದೇ ಆಹ್ವಾನ: ಮೇಲೆ ಹೇಳಿದ ಎರಡೂ ಸಂಗತಿಗಳು ಇಲ್ಲಿ ರೂಢಿಯಾಗಿವೆ.

ಹಾಗಾಗಿ ಪಂಚನಹಳ್ಳಿಯಂಥ ಹೋಬಳಿಗೆ ಚಿತ್ರ ತರುವವರಿಗೆ ನನ್ನ ಸೂಚನೆಗಳು ಇವು. ಕರೆಯೋಲೆ ಪಕ್ಷದ ಅಥವಾ ಸಂಘಟನೆಯ ಹೆಸರಿನಲ್ಲಿ ಹೋಗದೆ, ಎಲ್ಲ ಪಕ್ಷದವರೂ ಸದಸ್ಯರಾಗಿರುವ ಹಾಲಿನ ಸಹಕಾರ ಸಂಘದಂಥ ಊರಿನ ಸಂಸ್ಥೆಯ ಹೆಸರಿನಲ್ಲಿ ಹೋಗಲಿ. ಚಿತ್ರ ಬೇರೆ ಭಾಷೆಯದಾದರೆ ಕನ್ನಡದ ನಿರೂಪಣೆ ಇರಲಿ. ಪರದೆಯ ಕೆಳಗಿನ ಅಕ್ಷರ ಎಲ್ಲರಿಗೂ ದಕ್ಕುವುದಿಲ್ಲ. ಚಿತ್ರ ಮುಗಿದ ಮೇಲೆ ಒಪ್ಪದವರಿಗೇ ಮೊದಲ ಮಾತು ಸಿಗಲಿ, ನಿರ್ದೇಶಕರ ಉತ್ತರ ಕೊನೆಗಿರಲಿ. ನೋಡಿದವರು ಮನಸ್ಸು ಬದಲಾಯಿಸಿದರೇ ಎಂಬುದನ್ನು ಇಂಥ ಪ್ರದರ್ಶನದ ಅಳತೆಗೋಲು ಮಾಡಿಕೊಳ್ಳಬಾರದು. ಒಪ್ಪದವರು ಚಿತ್ರ ಮುಗಿಯುವವರೆಗೆ ಕೂತು, ಪ್ರಶ್ನೆ ಕೇಳಿ, ಇನ್ನೊಂದು ಚಿತ್ರಕ್ಕೆ ತಾವೇ ಮುಂದಾಗಿ ಜಾಗ ಕೊಟ್ಟರೆ, ಪ್ರಜಾಪ್ರಭುತ್ವಕ್ಕೆ ಅದಕ್ಕಿಂತ ಹೆಚ್ಚಿನ ಸೇವೆಯನ್ನು ಸಾಕ್ಷ್ಯಚಿತ್ರದಿಂದ ನಾನು ಬಯಸುವುದಿಲ್ಲ.