ಪರದೆ ತುಂಬ ‘ವೈರಸ್ ಇದೆ’ ಎಂಬ ಎಚ್ಚರಿಕೆ ಬಂದರೆ ಏನು ಮಾಡಬೇಕು? ದುಡ್ಡು ಕೊಟ್ಟು ಆಂಟಿವೈರಸ್ ಕೊಳ್ಳಲೇಬೇಕೆ?

ಕತ್ರಿಗುಪ್ಪೆಯ ಓದುಗರೊಬ್ಬರು ತಮ್ಮ ತಂದೆಯವರ ಲ್ಯಾಪ್‌ಟಾಪ್ ಪರದೆಯ ಫೋಟೊ ಕಳಿಸಿ, “ಇದು ನಿಜವೇ? ಯಾವ ಆಂಟಿವೈರಸ್ ಹಾಕಿಸಬೇಕು?” ಎಂದು ಕೇಳಿದ್ದಾರೆ. ಫೋಟೊದಲ್ಲಿ ಪರದೆ ಪೂರ್ತಿ ನೀಲಿ. ಮೇಲೆ ಮೈಕ್ರೋಸಾಫ್ಟ್ ಲೋಗೊ. ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಬ್ಯಾಂಕ್ ವಿವರ ಕಳುವಾಗುತ್ತಿದೆ, ಯಾವ ಕಾರಣಕ್ಕೂ ಆಫ್ ಮಾಡಬೇಡಿ ಎಂದು ಇಂಗ್ಲಿಷಿನಲ್ಲಿ ಕೆಂಪಕ್ಷರ. ಕೆಳಗೆ ಕರೆ ಮಾಡಲು ಒಂದು ನಂಬರು. ಜೊತೆಗೆ ಸೈರನ್ ಬೇರೆ ಹೊಡೆದುಕೊಳ್ಳುತ್ತಿತ್ತಂತೆ. ಮೂಲೆಯಲ್ಲಿ ‘ಬೆಂಗಳೂರು’ ಎಂದು ಊರಿನ ಹೆಸರೂ ಇದ್ದದ್ದರಿಂದ ಮನೆಯವರು ನಿಜವೆಂದೇ ನಂಬಿದ್ದರು.

ನಿಜವಲ್ಲ. ಅದು ಬರೀ ಒಂದು ವೆಬ್ ಪುಟ. ನೀವು ಈಗ ಓದುತ್ತಿರುವ ಈ ಪುಟ ಹೇಗೋ ಅದೂ ಹಾಗೆಯೇ. ಬ್ರೌಸರ್‌ನಲ್ಲಿ ತೆರೆದುಕೊಂಡ ಪುಟಕ್ಕೆ ನಿಮ್ಮ ಕಂಪ್ಯೂಟರ್‌ನ ಫೈಲುಗಳನ್ನು ಜಾಲಾಡಿ ವೈರಸ್ ಹುಡುಕುವ ಶಕ್ತಿಯೇ ಇಲ್ಲ. ಹಾಗಾಗಿ ‘ಸ್ಕ್ಯಾನ್ ಆಗುತ್ತಿದೆ’ ಎಂದು ಓಡುವ ಪಟ್ಟಿ, ‘13 ವೈರಸ್ ಸಿಕ್ಕಿವೆ’ ಎಂಬ ಲೆಕ್ಕ ಎಲ್ಲವೂ ಮೊದಲೇ ಬರೆದಿಟ್ಟ ನಾಟಕ. ಊರಿನ ಹೆಸರು ಹೇಗೆ ಗೊತ್ತಾಯಿತು ಎನ್ನುತ್ತೀರಾ? ನೀವು ತೆರೆಯುವ ಪ್ರತಿಯೊಂದು ವೆಬ್‌ಸೈಟಿಗೂ ನಿಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ ಕಾಣುತ್ತದೆ. ಅದರಿಂದ ಊರು ಯಾವುದು, ಇಂಟರ್ನೆಟ್ ಕಂಪನಿ ಯಾವುದು ಎಂದು ಅಂದಾಜು ಮಾಡಬಹುದು. ಹವಾಮಾನ ತೋರಿಸುವ ಸೈಟೂ ಮಾಡುವುದು ಅದನ್ನೇ.

ಇನ್ನೊಂದು ಗುರುತು ಫೋನ್ ನಂಬರು. ತಮ್ಮ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರು ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ನಂಬರು ಕಂಡರೆ ಅದು ಮೋಸ, ಅಷ್ಟೇ. ಉಳಿದದ್ದನ್ನು ಓದುವ ಅಗತ್ಯವೂ ಇಲ್ಲ.

ಪುಟ ಮುಚ್ಚುವುದು ಹೇಗೆ?

‘ಬಟನ್ ಯಾವುದೂ ಕೆಲಸ ಮಾಡುತ್ತಿಲ್ಲ, ಮೌಸ್ ಕೂಡ ಕಾಣುತ್ತಿಲ್ಲ’ ಎಂಬುದೇ ಜನರನ್ನು ಹೆಚ್ಚು ಹೆದರಿಸುವ ಸಂಗತಿ. ವಿಡಿಯೊ ನೋಡುವಾಗ ಪರದೆ ಪೂರ್ತಿ ಆವರಿಸುತ್ತದಲ್ಲ, ಆ ಸೌಲಭ್ಯವನ್ನೇ ಈ ಪುಟ ಬಳಸಿಕೊಳ್ಳುತ್ತದೆ. ಹಾಗಾಗಿ ಮುಚ್ಚುವ ಗುರುತು ಮರೆಯಾಗುತ್ತದೆ. ಪುಟದೊಳಗೆ ಕಾಣುವ ‘ಮುಚ್ಚು’, ‘ರದ್ದು’ ಬಟನ್‌ಗಳು ಚಿತ್ರಗಳು ಮಾತ್ರ, ಅವನ್ನು ಒತ್ತಬೇಡಿ. ಕೀಬೋರ್ಡಿನ ಎಸ್ಕೇಪ್ ಕೀಯನ್ನು ಕೆಲವು ಕ್ಷಣ ಒತ್ತಿ ಹಿಡಿಯಿರಿ, ಪೂರ್ಣ ಪರದೆ ಬಿಟ್ಟುಹೋಗುತ್ತದೆ. ಆಮೇಲೆ ಟ್ಯಾಬ್ ಮುಚ್ಚಿ. ಅದಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದಾಗ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಕ್ರೋಮ್ ಅಥವಾ ಎಡ್ಜ್ ಹೆಸರನ್ನು ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮ್ಯಾಕ್ ಆದರೆ ಕಮಾಂಡ್, ಆಪ್ಷನ್, ಎಸ್ಕೇಪ್. ಯಾವುದೂ ಆಗದಿದ್ದರೆ ಪವರ್ ಬಟನ್ ಅನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆಫ್ ಮಾಡಿ. ‘ಆಫ್ ಮಾಡಿದರೆ ಎಲ್ಲ ಅಳಿಸಿಹೋಗುತ್ತದೆ’ ಎಂದು ಪುಟ ಹೇಳುವುದು ನೀವು ಆಫ್ ಮಾಡಬಾರದು ಅಂತಲೇ. ಹೆಚ್ಚೆಂದರೆ ನೀವು ಸೇವ್ ಮಾಡದೆ ಬಿಟ್ಟಿದ್ದ ಬರಹ ಹೋಗಬಹುದು.

ಮತ್ತೆ ಬ್ರೌಸರ್ ತೆರೆದಾಗ ‘ಹಿಂದಿನ ಪುಟಗಳನ್ನು ಮರಳಿ ತೆರೆಯಲೇ?’ ಎಂದು ಕೇಳುತ್ತದೆ. ಬೇಡ ಎನ್ನಿ. ಬೇಕು ಎಂದರೆ ಅದೇ ಸೈರನ್ ಮತ್ತೆ ಶುರು.

ಕೆಲವರಿಗೆ ಬ್ರೌಸರ್ ಮುಚ್ಚಿದ ಮೇಲೂ ಪರದೆಯ ಬಲಮೂಲೆಯಲ್ಲಿ ಗಂಟೆಗೊಂದು ಎಚ್ಚರಿಕೆ ಬರುತ್ತಲೇ ಇರುತ್ತದೆ, ಹೆಸರಾಂತ ಆಂಟಿವೈರಸ್ ಕಂಪನಿಗಳ ಲೋಗೊ ಸಮೇತ. ಇದೂ ಸಾಮಾನ್ಯವಾಗಿ ವೈರಸ್ ಅಲ್ಲ. ಹಿಂದೆ ಯಾವುದೋ ಸಿನಿಮಾ ಅಥವಾ ಕ್ರಿಕೆಟ್ ಸೈಟಿನಲ್ಲಿ ‘ನೀವು ರೋಬೋ ಅಲ್ಲವೆಂದು ಖಚಿತಪಡಿಸಲು ಅಲೋ ಒತ್ತಿ’ ಎಂದು ಬಂದಾಗ ಒತ್ತಿರುತ್ತೀರಿ. ಆಗ ನೀವು ಕೊಟ್ಟದ್ದು ನೋಟಿಫಿಕೇಶನ್ ಕಳಿಸುವ ಅನುಮತಿ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಎಂದು ಹುಡುಕಿ, ಗುರುತಿಲ್ಲದ ಸೈಟುಗಳ ಹೆಸರನ್ನೆಲ್ಲ ತೆಗೆದುಹಾಕಿ. ಮೊಬೈಲಿನ ಕ್ರೋಮ್‌ಗೂ ಇದೇ ಮದ್ದು. ಎಷ್ಟೋ ಜನ ಇಷ್ಟಕ್ಕಾಗಿ ಅಂಗಡಿಗೆ ಹೋಗಿ ಫಾರ್ಮ್ಯಾಟ್ ಮಾಡಿಸಿ ದುಡ್ಡು ಕೊಟ್ಟು ಬರುತ್ತಾರೆ.

ಆ ನಂಬರಿನ ಆಚೆ ಕಡೆ ಯಾರಿರುತ್ತಾರೆ?

ಎಷ್ಟೋ ಸಲ ನಮ್ಮ ದೇಶದವರೇ, ನಮ್ಮ ಊರಿನಲ್ಲೇ. 2023ರ ಅಕ್ಟೋಬರ್‌ನಲ್ಲಿ ಸಿಬಿಐ ‘ಆಪರೇಷನ್ ಚಕ್ರ-2’ ಹೆಸರಿನಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ 76 ಕಡೆ ಶೋಧ ನಡೆಸಿತು. ಮೈಕ್ರೋಸಾಫ್ಟ್ ಮತ್ತು ಅಮೆಜಾನ್ ಕಂಪನಿಗಳ ಸಹಾಯವಾಣಿ ಎಂದು ಹೇಳಿಕೊಂಡು ವಿದೇಶಿಯರನ್ನು ವಂಚಿಸುತ್ತಿದ್ದ ಕಾಲ್ ಸೆಂಟರುಗಳ ವಿರುದ್ಧದ ಪ್ರಕರಣಗಳೂ ಅದರಲ್ಲಿದ್ದವು. 2025ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ವೈಟ್‌ಫೀಲ್ಡ್‌ನಲ್ಲಿ ಇಂಥದ್ದೇ ಕಚೇರಿಯ ಮೇಲೆ ದಾಳಿ ಮಾಡಿ 21 ಮಂದಿಯನ್ನು ಬಂಧಿಸಿದರು. ಮೈಕ್ರೋಸಾಫ್ಟ್‌ನವರು ಎಂದು ನಂಬಿಸಿ ಅಮೆರಿಕದವರಿಂದ ಹಣ ಕೀಳುತ್ತಿದ್ದರು ಎಂಬುದು ಆರೋಪ. ಮಕ್ಕಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುವ ಬನಶಂಕರಿ, ಜಯನಗರದ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು. ಅಲ್ಲಿನ ಮನೆಯ ಕಂಪ್ಯೂಟರ್‌ನಲ್ಲಿ ಬರುವ ಎಚ್ಚರಿಕೆಯ ನಂಬರಿಗೆ ಕರೆ ಮಾಡಿದರೆ ಮಾತಾಡುವವರು ಇಲ್ಲಿಯವರೇ ಆಗಿರಬಹುದು.

ಕರೆ ಮಾಡಿದವರಿಗೆ ಆಗುವುದು ಹೆಚ್ಚುಕಡಿಮೆ ಒಂದೇ ಥರ. ಮೊದಲು ಎನಿಡೆಸ್ಕ್, ಟೀಮ್‌ವ್ಯೂಯರ್‌ನಂಥ, ದೂರದಿಂದ ಕಂಪ್ಯೂಟರ್ ನಡೆಸುವ ಆ್ಯಪ್ ಹಾಕಿಸುತ್ತಾರೆ. ಈ ಆ್ಯಪ್‌ಗಳು ಮೋಸದವಲ್ಲ, ಆಫೀಸುಗಳಲ್ಲಿ ದಿನವೂ ಬಳಸುವಂಥವು. ಮೋಸ ಇರುವುದು ಕೋಡ್ ಕೇಳುವವರಲ್ಲಿ. ಇಂಥ ದುರ್ಬಳಕೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಒಳಗೆ ಬಂದ ಮೇಲೆ ವಿಂಡೋಸ್‌ನ ‘ಇವೆಂಟ್ ವ್ಯೂಯರ್’ ತೆರೆದು ತೋರಿಸುತ್ತಾರೆ. ಅದರ ತುಂಬ ಕೆಂಪು, ಹಳದಿ ಗುರುತುಗಳು. “ನೋಡಿ ಸರ್, ಎಷ್ಟೊಂದು ಎರರ್” ಎನ್ನುತ್ತಾರೆ. ಚೆನ್ನಾಗಿ ನಡೆಯುತ್ತಿರುವ ಯಾವ ವಿಂಡೋಸ್ ಕಂಪ್ಯೂಟರ್‌ನಲ್ಲಿ ತೆರೆದರೂ ಅಂಥ ಗುರುತು ಇದ್ದೇ ಇರುತ್ತವೆ. ಅದು ಯಂತ್ರದ ದಿನಚರಿ ಪುಸ್ತಕ, ಸಣ್ಣಪುಟ್ಟ ತಡವರಿಕೆಯನ್ನೂ ಬರೆದಿಡುತ್ತದೆ. ಅದನ್ನು ಮೊದಲ ಬಾರಿ ನೋಡುವವರಿಗೆ ಇದು ಗೊತ್ತಿರುವುದಿಲ್ಲ, ವಂಚಕರ ಬಂಡವಾಳವೂ ಅದೇ. ಆಮೇಲೆ ‘ರಿಪೇರಿ’ಗೆ ಹಣ, ನೆಟ್ ಬ್ಯಾಂಕಿಂಗ್‌ಗೆ ಲಾಗಿನ್ ಆಗಿ ಎಂಬ ಒತ್ತಾಯ, ಒಟಿಪಿ.

ಈಗಾಗಲೇ ಕರೆ ಮಾಡಿ ಕೋಡ್ ಕೊಟ್ಟಾಗಿದ್ದರೆ ಮೊದಲು ವೈಫೈ ಆಫ್ ಮಾಡಿ, ಸಂಪರ್ಕ ಕಡಿದುಹೋಗಲಿ. ಬ್ಯಾಂಕಿಗೆ ತಕ್ಷಣ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಅಥವಾ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ದೂರು ದಾಖಲಿಸಿ. ಹಣ ವಂಚಕರ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲೇ ತಡೆಹಿಡಿಯುವುದು ಈ ವ್ಯವಸ್ಥೆಯ ಉದ್ದೇಶ. ಹಾಗಾಗಿ ‘ಸಂಜೆ ಮಗ ಬಂದ ಮೇಲೆ ಹೇಳೋಣ’ ಎಂದು ಕಾಯಬೇಡಿ. ಪಾಸ್‌ವರ್ಡ್‌ಗಳನ್ನು ಆ ಕಂಪ್ಯೂಟರ್‌ನಲ್ಲಿ ಅಲ್ಲ, ಬೇರೆ ಫೋನಿನಲ್ಲಿ ಬದಲಾಯಿಸಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಪಾಸ್‌ವರ್ಡ್ ಅಥವಾ ಒಟಿಪಿ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದ್ದು. ಆದ್ದರಿಂದ ಬ್ಯಾಂಕಿಗೆ ತಿಳಿಸಿದ ಸಮಯವನ್ನೂ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಹಾಗಾದರೆ ಯಾವ ಆಂಟಿವೈರಸ್?

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲಿನಿಂದಲೇ ಇರುತ್ತದೆ, ಹಣ ಕೊಡಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಎಂದು ಟೈಪ್ ಮಾಡಿ ತೆರೆದರೆ ಅದು ಆನ್ ಇದೆಯೇ ಎಂದು ಕಾಣುತ್ತದೆ. ಮನೆಯಲ್ಲಿ ಇಮೇಲ್, ಯೂಟ್ಯೂಬ್, ಬ್ಯಾಂಕ್ ಕೆಲಸ, ಮಕ್ಕಳ ಪಾಠ ಇಷ್ಟಕ್ಕೆ ಬಳಸುವವರಿಗೆ ಇದು ಸಾಕು ಎಂಬುದು ನಮ್ಮ ಅಭಿಪ್ರಾಯ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಎಂಬ ಪ್ರಯೋಗಾಲಯಗಳು ಆಂಟಿವೈರಸ್‌ಗಳನ್ನು ನಿಯಮಿತವಾಗಿ ಪರೀಕ್ಷಿಸಿ ಫಲಿತಾಂಶ ಪ್ರಕಟಿಸುತ್ತವೆ. ಅಂಗಡಿಯವರು ‘ಡಿಫೆಂಡರ್ ಪ್ರಯೋಜನವಿಲ್ಲ’ ಎಂದರೆ ಆ ಪಟ್ಟಿ ನೋಡಿ ನಿರ್ಧರಿಸಿ.

ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಮುಂತಾದವನ್ನು ದುಡ್ಡು ಕೊಟ್ಟು ಕೊಳ್ಳುವುದು ತಪ್ಪೇನಲ್ಲ. ಮಕ್ಕಳ ಬಳಕೆಗೆ ಕಡಿವಾಣ, ಫೋನ್‌ನಲ್ಲಿ ಮಾತಾಡಿ ಸಹಾಯ ಕೇಳುವ ಅನುಕೂಲ ಬೇಕಿದ್ದವರು ಕೊಳ್ಳಬಹುದು. ಆದರೆ ಕಂಪನಿಯ ಸ್ವಂತ ತಾಣದಿಂದಲೋ ಗುರುತಿರುವ ಅಂಗಡಿಯಿಂದಲೋ ಕೊಳ್ಳಿ, ಪಾಪ್‌ಅಪ್ ಒತ್ತಿ ಎಂದೂ ಕೊಳ್ಳಬೇಡಿ. ಎರಡೆರಡು ಆಂಟಿವೈರಸ್ ಹಾಕಿದರೆ ರಕ್ಷಣೆ ದುಪ್ಪಟ್ಟಾಗುವುದಿಲ್ಲ, ಒಂದಕ್ಕೊಂದು ಅಡ್ಡ ಬಂದು ಯಂತ್ರ ನಿಧಾನವಾಗುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಅವಧಿ ಮುಗಿದಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಮತ್ತೆ ಆನ್ ಆಗಿದೆಯೇ ನೋಡಿ.

ಹೆಸರಾಂತವಾದದ್ದೆಲ್ಲ ನಂಬಿಕಸ್ಥ ಎಂದುಕೊಳ್ಳುವಂತೆಯೂ ಇಲ್ಲ. ಬಳಕೆದಾರರು ಯಾವ ಯಾವ ಸೈಟು ನೋಡುತ್ತಾರೆ ಎಂಬ ಮಾಹಿತಿಯನ್ನು ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅವಾಸ್ಟ್ ಕಂಪನಿಗೆ 1.65 ಕೋಟಿ ಡಾಲರ್ ಕಟ್ಟಬೇಕೆಂದಿತು. ಅದೇ ವರ್ಷ, ಸುಳ್ಳು ವೈರಸ್ ಎಚ್ಚರಿಕೆ ತೋರಿಸಿ ಜನರಿಗೆ ರಿಪೇರಿ ಸೇವೆ ಮಾರಿದ ಆರೋಪದ ಮೇಲೆ ರೆಸ್ಟೋರೊ ಮತ್ತು ರೀಇಮೇಜ್ ಕಂಪನಿಗಳು 2.6 ಕೋಟಿ ಡಾಲರ್ ಕೊಡಲು ಒಪ್ಪಿದವು.

ನಮ್ಮ ಸರ್ಕಾರದ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರುಮಾಡಿದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣ ಸಿಎಸ್‌ಕೆ ಡಾಟ್ ಗವ್ ಡಾಟ್ ಇನ್‌ನಲ್ಲಿ ಕಂಪ್ಯೂಟರ್ ಸೋಂಕು ತೆಗೆಯುವ ಉಪಕರಣಗಳು ಉಚಿತವಾಗಿ ಸಿಗುತ್ತವೆ. ಈ ವಿಷಯ ಫಾರ್ವರ್ಡ್ ಮಾಡಲು ಯೋಗ್ಯ.

ಆಂಟಿವೈರಸ್‌ಗಿಂತ ಹೆಚ್ಚು ಮುಖ್ಯವಾದ ಎರಡು ಸಂಗತಿಗಳಿವೆ. ಒಂದು, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ಕ್ಕೆ ಬದಲಾಯಿಸಲಾಗದ ಹಳೆಯ ಯಂತ್ರವಾದರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿಸಿ. ಇನ್ನೊಂದು, ಕಳ್ಳ ವಿಂಡೋಸ್. ಎಸ್.ಪಿ. ರೋಡಿನಲ್ಲಿ ಜೋಡಿಸಿಕೊಂಡದ್ದಿರಲಿ, ಪಕ್ಕದ ಬೀದಿಯಲ್ಲಿ ಫಾರ್ಮ್ಯಾಟ್ ಮಾಡಿಸಿದ್ದಿರಲಿ, ಲೈಸೆನ್ಸ್ ಇಲ್ಲದೆ ವಿಂಡೋಸ್ ‘ಆಕ್ಟಿವೇಟ್’ ಮಾಡುವ ತಂತ್ರಾಂಶಗಳು ಸಾಮಾನ್ಯವಾಗಿ ಡಿಫೆಂಡರ್ ಆಫ್ ಮಾಡಲು ಹೇಳುತ್ತವೆ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟ ಹಾಗೆ.

ಮೊಬೈಲಿನಲ್ಲಿ ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂದು ಬಂದರೆ ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬ್ರೌಸರ್ ಅನ್ನು ಸರಿಸಿ ಮುಚ್ಚಿ, ಇತಿಹಾಸ ಅಳಿಸಿ, ಸಾಕು. ಐಫೋನ್‌ನಲ್ಲಿ ಒಂದು ಆ್ಯಪ್ ಇನ್ನೊಂದರೊಳಗೆ ಇಣುಕಿ ನೋಡಲು ಅವಕಾಶವೇ ಇಲ್ಲ, ಹಾಗಾಗಿ ಫೋನ್ ಪೂರ್ತಿ ಸ್ಕ್ಯಾನ್ ಮಾಡುತ್ತೇವೆ ಎನ್ನುವ ಆ್ಯಪ್‌ನ ಮಾತು ಸುಳ್ಳು. ಆಂಡ್ರಾಯ್ಡ್‌ನಲ್ಲಿ ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ಪ್ಲೇ ಪ್ರೊಟೆಕ್ಟ್ ಆನ್ ಇದೆಯೇ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಅಥವಾ ‘ಉಚಿತ ಆಂಟಿವೈರಸ್’ ಹೆಸರಿನಲ್ಲಿ ಬರುವ ಎಪಿಕೆ ಫೈಲನ್ನು ಮಾತ್ರ, ಕಳಿಸಿದವರು ಸ್ವಂತ ಚಿಕ್ಕಪ್ಪನೇ ಆದರೂ ತೆರೆಯಬೇಡಿ. ಅವರ ಫೋನು ಆಗಲೇ ಬೇರೆಯವರ ಹಿಡಿತದಲ್ಲಿದ್ದು, ಅವರಿಗೆ ಗೊತ್ತಿಲ್ಲದೆ ಅದು ಎಲ್ಲರಿಗೂ ಹೋಗಿರಬಹುದು. ಒಂದು ಫೋನ್ ಮಾಡಿ ಕೇಳಿ.