ಹಿಮದ ಮೇಲೊಂದು ಬಯಲು

1933ರ ಜುಲೈ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ‘ಚೆಲ್ಯೂಸ್ಕಿನ್’ ಎಂಬ ಹಡಗು ಲೆನಿನ್‌ಗ್ರಾಡ್‌ನಿಂದ ಹೊರಟಿತು. ಉತ್ತರ ಧ್ರುವದ ಸಮುದ್ರಗಳನ್ನು ಒಂದೇ ಬೇಸಿಗೆಯಲ್ಲಿ ದಾಟಿ ಪೂರ್ವದ ವ್ಲಾಡಿವೊಸ್ಟಾಕ್ ಸೇರುವುದು ಅದರ ಗುರಿ. ಸಾಧಾರಣ ಸರಕು ಹಡಗೂ ಆ ದಾರಿಯಲ್ಲಿ ಸಾಗಬಲ್ಲದೆಂದು ಜಗತ್ತಿಗೆ ತೋರಿಸುವ ಹಂಬಲ ಸರ್ಕಾರದ್ದು. ಯಾತ್ರೆಯ ನಾಯಕರು ವಿಜ್ಞಾನಿ ಒಟ್ಟೊ ಶ್ಮಿಟ್. ಹಡಗಿನ ಒಡಲು ಮಂಜುಗಡ್ಡೆಯ ಒತ್ತಡವನ್ನು ತಾಳದೆಂಬ ಶಂಕೆ ಕಪ್ತಾನ ವೊರೊನಿನ್‌ರಿಗೆ ಮೊದಲೇ ಇತ್ತು. ಆದರೂ ಯಾನ ನಿಲ್ಲಲಿಲ್ಲ. ಕಾರಾ ಸಮುದ್ರದಲ್ಲಿ ಹಡಗಿನಲ್ಲೇ ಜನಿಸಿದ ಹೆಣ್ಣುಮಗುವಿಗೆ ಆ ಸಮುದ್ರದ ನೆನಪಿಗಾಗಿ ಕರೀನಾ ಎಂದು ಹೆಸರಿಟ್ಟರು.

ನವೆಂಬರ್‌ನಲ್ಲಿ, ಹಿಮದಲ್ಲಿ ಸಿಲುಕಿದ್ದ ಹಡಗು ಬೇರಿಂಗ್ ಜಲಸಂಧಿಯವರೆಗೂ ತೇಲಿಬಂದಿತು. ತೆರೆದ ನೀರು ಇನ್ನು ಕೆಲವೇ ಮೈಲಿ ದೂರವಿತ್ತು. ಅಷ್ಟರಲ್ಲಿ ಹಿಮರಾಶಿ ಅದನ್ನು ಮತ್ತೆ ಹಿಂದಕ್ಕೆ ಸೆಳೆದೊಯ್ದಿತು. 1934ರ ಫೆಬ್ರವರಿ 13ರಂದು ಚುಕ್ಚಿ ಸಮುದ್ರದಲ್ಲಿ ಮಂಜುಗಡ್ಡೆಗಳು ಹಡಗಿನ ಪಕ್ಕೆಯನ್ನು ಸೀಳಿದವು. ಆಹಾರ, ಡೇರೆ, ರೇಡಿಯೊಗಳನ್ನು ಅವಸರದಲ್ಲಿ ಹೊರಗೆ ಸಾಗಿಸಲಾಯಿತು. ಒಬ್ಬರು ಹಡಗಿನೊಡನೆ ಅಸುನೀಗಿದರು. ಉಳಿದ 104 ಮಂದಿ, ಅವರಲ್ಲಿ ಹತ್ತು ಮಹಿಳೆಯರು, ಇಬ್ಬರು ಹಸುಳೆಯರು, ತೇಲುವ ಹಿಮದ ಮೇಲೆ ನಿಂತರು. ನೆಲ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ.

ರೇಡಿಯೊ ತಂತ್ರಜ್ಞ ಕ್ರೆಂಕೆಲ್ ಕಳುಹಿಸಿದ ಸಂದೇಶ ದಡ ಮುಟ್ಟಿತು. ಆದರೆ ವಿಮಾನ ಬಂದರೆ ಇಳಿಯುವುದೆಲ್ಲಿ? ಆದ್ದರಿಂದ ಅವರು ಗುದ್ದಲಿ, ಸನಿಕೆ, ಹಾರೆಗಳನ್ನು ಹಿಡಿದು ಹಿಮದಿಬ್ಬಗಳನ್ನು ಕಡಿದು ಬಯಲು ಮಾಡಿದರು. ಹಿಮ ಬಿರುಕುಬಿಟ್ಟು ಆ ಬಯಲು ಹಾಳಾದಾಗ ಬೇರೊಂದನ್ನು ಸಮಗೊಳಿಸಿದರು. ಅದೂ ಒಡೆದರೆ ಮತ್ತೊಂದು. ಸಂಜೆಯ ಹೊತ್ತು ಶ್ಮಿಟ್ ಡೇರೆಯಲ್ಲಿ ಉಪನ್ಯಾಸ ನೀಡುತ್ತಿದ್ದರು. ಮನಸ್ಸು ಮರಗಟ್ಟದಂತೆ ಕಾಯುವುದೂ ಒಂದು ಕೆಲಸವೇ ಆಗಿತ್ತು.

ವಿಮಾನ ಚಾಲಕ ಲ್ಯಾಪಿಡೆವ್‌ಸ್ಕಿ ಹಲವು ಬಾರಿ ಹೊರಟು, ಬಿರುಗಾಳಿಗೆ ಸಿಕ್ಕಿ ಬರಿಗೈಯಲ್ಲಿ ಮರಳಿದ್ದರು. ಮಾರ್ಚ್ 5ರಂದು ಅವರು ಕೊನೆಗೂ ಶಿಬಿರವನ್ನು ಕಂಡು ಕೆಳಗಿಳಿದರು. ಮಹಿಳೆಯರೂ ಮಕ್ಕಳೂ ಮೊದಲು ಪಾರಾದರು. ಬಳಿಕ ಒಂದು ತಿಂಗಳು ಯಾವ ವಿಮಾನವೂ ಇಳಿಯಲಿಲ್ಲ. ಹಾರೆಗಳು ಮಾತ್ರ ನಿಲ್ಲಲಿಲ್ಲ. ಏಪ್ರಿಲ್ 7ರಿಂದ ಮತ್ತೆ ವಿಮಾನಗಳು ಬಂದವು. ಸ್ಥಳ ಸಾಲದಾದಾಗ ಚಾಲಕ ಮೊಲೊಕೊವ್ ರೆಕ್ಕೆಗಳ ಕೆಳಗಿನ ಸರಕು ಪೆಟ್ಟಿಗೆಗಳಲ್ಲೂ ಜನರನ್ನು ಮಲಗಿಸಿ ಹೊತ್ತೊಯ್ದರು. ಏಪ್ರಿಲ್ 13ರಂದು ಕೊನೆಯ ಆರು ಮಂದಿ ಹಿಮವನ್ನು ಬಿಟ್ಟರು. ಹಿಮದ ಮೇಲೆ ನಿಂತಿದ್ದ 104 ಮಂದಿಯೂ ಬದುಕುಳಿದರು.

‘ಸೋವಿಯತ್ ಒಕ್ಕೂಟದ ವೀರ’ ಎಂಬ ಬಿರುದು ಮೊದಲು ಸಂದದ್ದು ಏಳು ವಿಮಾನ ಚಾಲಕರಿಗೆ. ಅದು ನ್ಯಾಯವೇ. ಆದರೆ ದುಡುಕಿನ ಯಾನವೊಂದು ತಂದ ಆಪತ್ತಿನಲ್ಲಿ, ಕೆಳಗೆ ಬಯಲನ್ನು ಹಸನು ಮಾಡಿದ ಕೈಗಳಿಲ್ಲದಿದ್ದರೆ ಆ ವೀರರು ಆಕಾಶದಲ್ಲೇ ಸುತ್ತಿ ಮರಳಬೇಕಾಗುತ್ತಿತ್ತು. ನಮ್ಮ ಮನೆಗಳಲ್ಲೂ ದೀರ್ಘ ಕಾಯಿಲೆ, ಕೆಲಸವಿಲ್ಲದ ದಿನಗಳು, ದೂರವಾದ ಮಕ್ಕಳು ಎಂಬ ಹಿಮಗಾಲಗಳು ಬರುತ್ತವೆ. ನೆರವು ಯಾವ ದಿನ ಬಂದೀತೆಂದು ನಾವು ಬಲ್ಲವರಲ್ಲ. ಅದು ಬಂದಾಗ ಇಳಿಯಲು ಒಂದಿಷ್ಟು ಸಮತಟ್ಟಾದ ನೆಲವನ್ನು ಉಳಿಸಿಕೊಂಡಿರುವುದು ಮಾತ್ರ ನಮ್ಮ ಕೈಯಲ್ಲಿದೆ.